ದಾವಾಗ್ನಿಯೂ ವಾಯುಮಂಡಲವೂ

(ಮಹೋತ್ಸವದ ಜ್ಞಾನಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ನ್ಯಾಯಶಾಸ್ತ್ರವನ್ನು ಓದಲು ಕುಳಿತ ವಿದ್ಯಾರ್ಥಿಗೆ ಪಾಠಶಾಲೆಯಲ್ಲಿ ಗುರುಗಳು ಹೇಳಿಕೊಡುವ ಮೊಟ್ಟಮೊದಲಿನ ಅನುಮಾನವು ಬೆಟ್ಟದ ಮೇಲಣ ಹೊಗೆಯದು. ದೂರದ ಬೆಟ್ಟದಲ್ಲಿ ಹೊಗೆಯೇಳುವುದನ್ನು ಕಂಡವನು, ಬೆಂಕಿಯನ್ನು ಕಣ್ಣಾರೆ ಕಾಣದಿದ್ದರೂ, ಅಲ್ಲಿ ಬೆಂಕಿಯುಂಟೆಂದು ನಿಶ್ಚಯಿಸುವನು. ಏಕೆಂದರೆ ಅಡುಗೆಯ ಮನೆಯಲ್ಲಿ ಹೊಗೆಯೂ ಬೆಂಕಿಯೂ ಕೂಡಿರುವುದನ್ನು ಅವನು ದಿನವೂ ಕಂಡಿರುವನು. ಈ ಪಾಠವು ಮುಗಿದ ಮೇಲೆ ಗುರುಗಳು ಅದನ್ನೇ ತಿರುಗಿಸಿ ಕೇಳುವರು: ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಲೇಬೇಕೇ? ಚುರುಕಾದ ಹುಡುಗನು ಇಲ್ಲವೆನ್ನುವನು. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಾಗಾದರೆ ಬೆಂಕಿಯಿಂದ ಹೊಗೆ ಹುಟ್ಟುವುದಕ್ಕೆ ಮತ್ತೊಂದು ನಿಬಂಧನೆಯು ಬೇಕಾಯಿತು. ಶಾಸ್ತ್ರಕಾರರು ಇದಕ್ಕೆ ಉಪಾಧಿಯೆಂದು ಹೆಸರಿಟ್ಟು, ಆ ಉಪಾಧಿಯು ‘ಆರ್ದ್ರೇಂಧನಸಂಯೋಗ’ವು, ಎಂದರೆ ಹಸಿಯಾದ ಸೌದೆಯ ಸಂಬಂಧವು, ಎಂದು ನಿರ್ಣಯಿಸಿರುವರು.

ಶತಮಾನಗಳಿಂದ ಬಾಯಿಪಾಠವಾಗಿ ಬಂದ ಈ ಹಸಿಸೌದೆಯ ಮಾತು ವಾದಕ್ಕೆ ಮಾತ್ರ ಉಪಯುಕ್ತವೆಂದು ಅನೇಕರು ಎಣಿಸಿರಬಹುದು. ಆದರೆ ಈ ಹೊತ್ತಿನ ವಾಯುಮಂಡಲಶಾಸ್ತ್ರದಲ್ಲಿ ಕಾಡ್ಗಿಚ್ಚಿನ ವಿಚಾರವು ಬಹುಮಟ್ಟಿಗೆ ಈ ಉಪಾಧಿಯ ಸುತ್ತಲೇ ತಿರುಗುತ್ತಿರುವುದು. ದಾಸೋಹದ ಒಲೆಗೆ ಸೌದೆಯಿಕ್ಕುವವರಿಗೆ ಇದರ ಅರ್ಧಭಾಗವು ಆಗಲೇ ತಿಳಿದಿದೆ. ಒಣಗಿದ ಜಾಲಿಯ ಸೌದೆಯು ಉರಿಯೆದ್ದು ಉರಿಯುವಾಗ ಅದರೊಳಗಿನ ಇಂಗಾಲವು ಗಾಳಿಯ ಪ್ರಾಣವಾಯುವಿನೊಡನೆ ಪೂರ್ತಿಯಾಗಿ ಕೂಡಿ ಅಂಗಾರಾಮ್ಲವಾಯುವಾಗಿ ಹೋಗುವುದು. ಇಂದಿನ ಶಾಲೆಯ ಮಕ್ಕಳು ಇದನ್ನೇ ಕಾರ್ಬನ್ ಡೈಆಕ್ಸೈಡ್ ಎನ್ನುವರು. ಸೌದೆಯು ಹಸಿಯಾಗಿದ್ದರೆ, ಇಲ್ಲವೆ ಗಾಳಿಯಾಡದೆ ಒಳಗೊಳಗೇ ಕುಮುಲಿದರೆ, ಆ ಕೂಟವು ಅರ್ಧಕ್ಕೇ ನಿಲ್ಲುವುದು. ಆಗ ಉಸಿರುಕಟ್ಟಿಸುವ ಕಾರ್ಬನ್ ಮಾನಾಕ್ಸೈಡ್, ಜವುಗುನೆಲದ ವಾಯುವಾದ ಮೀಥೇನ್, ಕಣ್ಣು ಉರಿಸುವ ನಾನಾ ಆವಿಗಳು, ಜಿಡ್ಡು, ಕಾಡಿಗೆ, ಇವೆಲ್ಲವೂ ಹುಟ್ಟುವುವು. ಒಂದು ಕಿಲೋ ಒಣಹುಲ್ಲು ಉರಿದರೆ ಸುಮಾರು 60-65 ಗ್ರಾಂ ಕಾರ್ಬನ್ ಮಾನಾಕ್ಸೈಡ್ ಹೊರಡುವುದು. ಜವುಗಿನ ಕೊಳೆಮಣ್ಣು ಒಂದು ಕಿಲೋ ಕುಮುಲಿದರೆ 200 ಗ್ರಾಮಿನಷ್ಟು, ಕೆಲವೆಡೆ ಅದಕ್ಕೂ ಹೆಚ್ಚು. ಮೀಥೇನಿನ ಒಂದು ಟನ್ನು, ನೂರು ವರ್ಷಗಳ ಲೆಕ್ಕದಲ್ಲಿ, ಭೂಮಿಯನ್ನು ಬೆಚ್ಚಗಾಗಿಸುವುದರಲ್ಲಿ ಸುಮಾರು 28 ಟನ್ನು ಅಂಗಾರಾಮ್ಲವಾಯುವಿಗೆ ಸಮಾನವು. ಆದುದರಿಂದ ಎಷ್ಟು ಉರಿಯಿತೆಂಬುದನ್ನು ಕೇಳಿದರೆ ಸಾಲದು, ಹೇಗೆ ಉರಿಯಿತೆಂಬುದನ್ನೂ ಕೇಳಬೇಕಾಗುವುದು.

ಈ ಪ್ರಶ್ನೆಯನ್ನು ವ್ಯವಸ್ಥಿತವಾಗಿ ಮೊದಲು ಕೇಳಿದವರಲ್ಲಿ ಅಗ್ರಗಣ್ಯನು ಹಾಲೆಂಡ್ ದೇಶದ ಪಾಲ್ ಕ್ರುಟ್ಸೆನ್ ಎಂಬ ವಿದ್ವಾಂಸನು. 1933ರಲ್ಲಿ ಆಂಸ್ಟರ್‌ಡಾಮ್ ನಗರದಲ್ಲಿ ಹುಟ್ಟಿದ ಈತನು ಮೊದಲು ಸೇತುವೆಗಳನ್ನು ಕಟ್ಟಿಸುವ ಕಚೇರಿಯಲ್ಲಿ ಕೆಲಸಕ್ಕಿದ್ದು, ಅನಂತರ ಸ್ಟಾಕ್‌ಹೋಮಿನ ವಿಶ್ವವಿದ್ಯಾಲಯದಲ್ಲಿ ಗಣಕಯಂತ್ರಕ್ಕೆ ಲೆಕ್ಕ ಬರೆದುಕೊಡುವ ಚಾಕರಿಯಿಂದ ವಿಜ್ಞಾನದೊಳಕ್ಕೆ ಬಂದವನು. ವಿದ್ಯೆಯು ಯಾವ ಬಾಗಿಲಿನಿಂದ ಒಲಿಯುವುದೆಂಬುದನ್ನು ಹೇಳಬರುವುದಿಲ್ಲ. ಅಮೆರಿಕದ ಕೊಲರಾಡೊ ಸಂಸ್ಥಾನದ ಕಾಡ್ಗಿಚ್ಚುಗಳ ಹೊಗೆಯನ್ನು ಪಾತ್ರೆಗಳಲ್ಲಿ ಹಿಡಿದು ಪರೀಕ್ಷಿಸಿ, ಈತನೂ ಸಹೋದ್ಯೋಗಿಗಳೂ 1979ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಕಾಡು, ಹುಲ್ಲುಗಾವಲು, ಬೆಳೆಯ ಕೂಳೆ, ಇವುಗಳ ಸುಡುವಿಕೆಯಿಂದ ವಾಯುಮಂಡಲಕ್ಕೆ ಸೇರುವ ವಿವಿಧ ವಾಯುಗಳ ಮೊತ್ತವು ಕಾರ್ಖಾನೆಗಳ ಮತ್ತು ಮೋಟಾರುಗಳ ಕೊಡುಗೆಯೊಡನೆ ಹೋಲಿಸಬಹುದಾದಷ್ಟು ದೊಡ್ಡದೆಂಬುದೇ ಅದರ ಸಾರವು. ಅದರ ಬೆನ್ನಿಗೇ ಬ್ರೆಜಿಲ್ ದೇಶದ ಕಾಡುಗಳ ಮೇಲೆ ಬೇಸಗೆಯಲ್ಲಿ ವಿಮಾನವನ್ನು ಹಾರಿಸಿ ಅಳತೆಗಳನ್ನು ಮಾಡಿದರು. ಕೈಗಾರಿಕೆಯ ಸೋಂಕಿಲ್ಲವೆಂದು ಎಲ್ಲರೂ ನಂಬಿದ್ದ ಆ ಪ್ರದೇಶದ ಗಾಳಿಯಲ್ಲಿ, ನಗರಗಳ ಮೇಲೆ ಕಾಣಬರುವ ಓಝೋನ್ ಎಂಬ ತೀಕ್ಷ್ಣವಾಯುವು ಹೆಚ್ಚಾಗಿ ತೋರಿಬಂದಿತು. ಹೊಗೆಯ ವಾಯುಗಳ ಮೇಲೆ ಬಿಸಿಲು ಬಿದ್ದು ಅದು ಹುಟ್ಟುವುದು; ಬೆಳೆಗೂ ಶ್ವಾಸಕೋಶಕ್ಕೂ ಅದು ಹಾನಿಕರವು. ಓಝೋನಿನ ವಿಚಾರವಾಗಿ ಮಾಡಿದ ಶೋಧಗಳಿಗಾಗಿ 1995ರಲ್ಲಿ ಈತನಿಗೆ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕವು ಬಂದಿತು. 2021ರಲ್ಲಿ ಈತನು ಕಾಲವಾದನು.

ಇಲ್ಲಿ ವಿಚಾರವಂತರು ಒಂದು ಆಕ್ಷೇಪವನ್ನು ತರಬಹುದು. ಮರವೂ ಹುಲ್ಲೂ ಗಾಳಿಯಿಂದಲೇ ಇಂಗಾಲವನ್ನು ಪಡೆದು ಬೆಳೆಯುವುವು. ಸುಟ್ಟಾಗ ಅದನ್ನೇ ಹಿಂದಕ್ಕೆ ಕೊಡುವುವು. ಮರಳಿ ಚಿಗುರಿದಾಗ ಮತ್ತೆ ಪಡೆಯುವುವು. ಹೀಗಿರಲು ಜಮೆಯೂ ಖರ್ಚೂ ಸರಿದೂಗುವುದಿಲ್ಲವೇ? ಈ ಆಕ್ಷೇಪವು ಹುರುಳಿಲ್ಲದ್ದಲ್ಲ. ಲೋಕದಲ್ಲಿ ವರ್ಷಂಪ್ರತಿ ಬೆಂಕಿಯ ಮೂಲಕ ಸುಮಾರು 200 ಕೋಟಿ ಟನ್ನು ಇಂಗಾಲವು ಗಾಳಿಗೆ ಹೋಗುತ್ತಿದ್ದು, ಅದರ ಬಹುಭಾಗವು ಆಫ್ರಿಕಾ ಖಂಡವೇ ಮೊದಲಾದೆಡೆಯ ಹುಲ್ಲುಗಾಡುಗಳದು. ಆ ಹುಲ್ಲು ಮುಂದಿನ ಮಳೆಗಾಲಕ್ಕೇ ಎದ್ದು ನಿಂತು ಸಾಲವನ್ನು ತೀರಿಸುವುದು. ಇನ್ನೊಂದು ಸಂಗತಿಯನ್ನೂ ಮರೆಮಾಚಬಾರದು: 1998ರಿಂದ 2015ರ ವರೆಗಿನ ಅವಧಿಯಲ್ಲಿ ಭೂಮಿಯ ಮೇಲೆ ವರ್ಷಕ್ಕೆ ಸುಡುವ ಒಟ್ಟು ನೆಲವು ಸುಮಾರು ಕಾಲುಭಾಗ ಕಡಮೆಯಾಯಿತು, ಹುಲ್ಲುಗಾವಲುಗಳು ಹೊಲಗಳಾದುದೇ ಅದರ ಮುಖ್ಯ ಕಾರಣವು. ಆದರೆ ಶತಾಯುಷಿಯಾದ ಕಾಡು ಸುಟ್ಟರೆ ತೀರಿಕೆಗೆ ನೂರು ವರ್ಷ ಬೇಕು. ಕಡಿದು ಸುಟ್ಟು ಮರಳಿ ಬೆಳೆಯಗೊಡದಿದ್ದರೆ ತೀರಿಕೆಯೇ ಇಲ್ಲ. ಹುಲ್ಲಿನ ಬೆಂಕಿಯು ಕುಗ್ಗುತ್ತಿರುವಾಗಲೇ ಉತ್ತರದ ಶೀತಾರಣ್ಯಗಳ ಬೆಂಕಿಯು ಹಿಗ್ಗುತ್ತಿರುವುದು. 2023ರಲ್ಲಿ ಕೆನಡಾ ದೇಶವೊಂದರಲ್ಲಿಯೇ 150 ಲಕ್ಷ ಹೆಕ್ಟೇರಿನಷ್ಟು ಕಾಡು ಸುಟ್ಟಿತು. ಆ ಜೂನಿನಲ್ಲಿ ನೂರಾರು ಮೈಲಿ ದೂರದ ನ್ಯೂಯಾರ್ಕ್ ನಗರದ ಆಕಾಶವು ಹಗಲಿನಲ್ಲಿಯೇ ಕಿತ್ತಳೆಯ ಬಣ್ಣಕ್ಕೆ ತಿರುಗಿತು.

ಇನ್ನು ನಮ್ಮ ದೇಶದ ಹೊಗೆಯ ವಿಚಾರ. 1999ರ ಮೊದಲ ತಿಂಗಳುಗಳಲ್ಲಿ ಹಿಂದೂ ಮಹಾಸಾಗರದ ಮೇಲೆ ಅನೇಕ ದೇಶಗಳ ವಿದ್ವಾಂಸರು ಹಡಗು ವಿಮಾನಗಳೊಡನೆ ಕೂಡಿ ಒಂದು ದೊಡ್ಡ ಪರಿಶೋಧನೆಯನ್ನು ನಡೆಸಿದರು. ಅದರ ಮುಂದಾಳುಗಳು ಮೇಲೆ ಹೇಳಿದ ಕ್ರುಟ್ಸೆನ್ ಮತ್ತು ವೀರಭದ್ರನ್ ರಾಮನಾಥನ್ ಎಂಬವರು. ಎರಡನೆಯವರು ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರದಲ್ಲಿ ಓದಿ ಅಮೆರಿಕಕ್ಕೆ ಹೋದವರು. ಚಳಿಗಾಲದಲ್ಲಿ ದಕ್ಷಿಣ ಏಷ್ಯಾದಿಂದ ಹೊರಟು ಸಮುದ್ರದ ಮೇಲೆ ಹಬ್ಬಿರುವ, ಸುಮಾರು 3 ಕಿಲೋಮೀಟರು ಎತ್ತರದ ವರೆಗಿನ ಕಂದುಬಣ್ಣದ ಮಬ್ಬೊಂದು ಅವರ ಅಳತೆಗೆ ಸಿಕ್ಕಿತು. ಅದರ ದೆಸೆಯಿಂದ ಸಮುದ್ರದ ಮೈಗೆ ಬೀಳುವ ಬಿಸಿಲು ಹತ್ತರಲ್ಲೊಂದು ಪಾಲು ಕಡಮೆಯಾಗಿತ್ತು. ಆದರೆ ಈ ಮಬ್ಬು ಯಾರದು? ಕಲ್ಲಿದ್ದಲು ಮತ್ತು ಎಣ್ಣೆಯದೋ, ಸೌದೆ ಕುಳ್ಳು ಕೂಳೆಗಳದೋ? ಕಾರ್ಖಾನೆಯವರು ಒಲೆಯನ್ನು ತೋರಿಸಿದರು, ಒಲೆಯ ಪರವಾಗಿ ಮಾತಾಡುವವರು ಕಾರ್ಖಾನೆಯನ್ನು ತೋರಿಸಿದರು. ದಾಸ್ತಾನಿನ ಲೆಕ್ಕಗಳು ಒಂದಕ್ಕೊಂದು ಹೊಂದಲಿಲ್ಲ.

ಈ ವ್ಯಾಜ್ಯದ ತೀರ್ಪು ಪುಣೆಯ ಹತ್ತಿರದ ಸಿಂಹಗಡದ ಮೇಲೆ ಆಯಿತೆಂದರೆ ಸಭಾಸದರಿಗೆ ಆಶ್ಚರ್ಯವಾಗಬಹುದು. ಮರಾಠರ ಕಾಳಗಕ್ಕೆ ಹೆಸರಾದ ಆ ದುರ್ಗದ ಮೇಲೆ ಈಗ ಗಾಳಿಯನ್ನು ಸೋಸುವ ಯಂತ್ರಗಳಿರುವುವು. ಸ್ಟಾಕ್‌ಹೋಮಿನ ಗುಸ್ತಾಫ್ಸನ್ ಎಂಬವರೂ ಭಾರತೀಯ ವಿದ್ವಾಂಸರೂ ಸೇರಿ, 2006ರ ಚಳಿಗಾಲದಲ್ಲಿ ಅಲ್ಲಿಯೂ ಮಾಲ್ದೀವಿನ ಒಂದು ದ್ವೀಪದಲ್ಲಿಯೂ ಮಬ್ಬಿನ ಕಾಡಿಗೆಯನ್ನು ಹಿಡಿದು ಅದರ ವಯಸ್ಸನ್ನು ಕೇಳಿದರು. ಕಾಡಿಗೆಗೆ ವಯಸ್ಸೆಲ್ಲಿಯದು ಎಂದು ಕೇಳಬಹುದು. ಜೀವಿಸಿರುವ ಗಿಡಮರಗಳ ಇಂಗಾಲದಲ್ಲಿ ವಿಕಿರಣಶೀಲವಾದ ಒಂದು ಬಗೆಯ ಇಂಗಾಲವು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿರುವುದು. ಗಿಡವು ಸತ್ತ ಕ್ಷಣದಿಂದ ಅದು ಕ್ಷಯಿಸತೊಡಗಿ 5,730 ವರ್ಷಗಳಿಗೆ ಅರ್ಧವಾಗುವುದು, ಇನ್ನೂ ಅಷ್ಟು ವರ್ಷಗಳಿಗೆ ಕಾಲಾಗುವುದು. ಕಲ್ಲಿದ್ದಲೂ ಕಲ್ಲೆಣ್ಣೆಯೂ ಕೋಟ್ಯಂತರ ವರ್ಷಗಳ ಹಿಂದಿನವಾದುದರಿಂದ ಅವುಗಳಲ್ಲಿ ಆ ಇಂಗಾಲದ ಲವಲೇಶವೂ ಉಳಿದಿಲ್ಲ. ನಿನ್ನೆ ಕೊಯ್ದ ಹುಲ್ಲಿನಲ್ಲಿ, ಮೊನ್ನೆ ತಟ್ಟಿದ ಕುಳ್ಳಿನಲ್ಲಿ ಅದು ಪೂರ್ತಿಯಾಗಿದೆ. ಆದುದರಿಂದ ಕಾಡಿಗೆಯಲ್ಲಿ ಅದೆಷ್ಟಿದೆಯೆಂದು ಅಳೆದರೆ, ಎರಡು ಬಗೆಯ ಉರುವಲುಗಳ ಪಾಲು ತಾನಾಗಿ ಹೊರಬೀಳುವುದು. ನೈಯಾಯಿಕನು ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಿದನು. ಇವರು ಹೊಗೆಯ ಕಣವನ್ನು ಹಿಡಿದು ಸೌದೆಯ ಜಾತಿಯನ್ನೇ ಊಹಿಸಿದರು. 2009ರಲ್ಲಿ ಪ್ರಕಟವಾದ ಅವರ ನಿರ್ಣಯದಂತೆ ಆ ಕಾಡಿಗೆಯ ಅರ್ಧದಿಂದ ಮೂರರಲ್ಲೆರಡು ಪಾಲಿನಷ್ಟು ಸೌದೆ, ಕುಳ್ಳು, ಕೂಳೆಗಳದಾಗಿದ್ದಿತು.

ಈ ಕಾಡಿಗೆಯ ಗುಣವು ವಿಚಿತ್ರವಾದುದು. ಹೊಗೆಯೊಳಗಿನ ತಿಳಿಬಣ್ಣದ ಕಣಗಳು ಬಿಸಿಲನ್ನು ಹಿಂದಕ್ಕೆಸೆದು ತಂಪನ್ನುಂಟುಮಾಡುವುವು. ಕರಿಯ ಕಣಗಳು ಬಿಸಿಲನ್ನು ಹೀರಿ ತಾವಿದ್ದ ಎತ್ತರದ ಗಾಳಿಯನ್ನು ಕಾಯಿಸುವುವು, ಅದೇ ಸಮಯದಲ್ಲಿ ಕೆಳಗಿನ ನೆಲಕ್ಕೂ ನೀರಿಗೂ ನೆರಳುಗವಿಸುವುವು. ಹಿಮಾಲಯದ ಹಿಮದ ಮೇಲೆ ಕುಳಿತರೆ ಬಿಳುಪನ್ನು ಮಾಸಲುಗೊಳಿಸಿ ಕರಗುವಿಕೆಯನ್ನು ತ್ವರೆಗೊಳಿಸುವುವು. ಮುಂಗಾರು ಮಾರುತವು ನೆಲಕ್ಕೂ ಸಮುದ್ರಕ್ಕೂ, ಉತ್ತರದ ಕಡಲಿಗೂ ದಕ್ಷಿಣದ ಕಡಲಿಗೂ ಇರುವ ಬಿಸಿಯ ಭೇದದಿಂದ ನಡೆಯುವ ಯಂತ್ರವಾಗಿರುವುದರಿಂದ, ಉತ್ತರದ ಕಡಲಿನ ಮೇಲೆ ನೆರಳು ಹೆಚ್ಚಿದಂತೆ ಆ ಯಂತ್ರವು ಮಂದವಾಗುವುದೆಂದು ರಾಮನಾಥನ್ನರು 2005ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ಮಳೆಯ ವಿಷಯದಲ್ಲಿ ಇನ್ನೂ ಹತ್ತಿರದ ಒಂದು ಸಂಬಂಧವಿದೆ. ಹೋಮದ ಹೊಗೆ ಮೋಡವಾಗುವುದೆಂಬ ನಂಬಿಕೆಯು ಹಳೆಯದು. ಅದರಲ್ಲಿ ಅರ್ಧ ಸತ್ಯವಿರುವುದು: ನೀರಾವಿಯು ಹನಿಗಟ್ಟಬೇಕಾದರೆ ಕುಳಿತುಕೊಳ್ಳಲು ಒಂದು ಕಣ ಬೇಕು, ಹೊಗೆಯು ಆ ಕಣವನ್ನೊದಗಿಸುವುದು. ಆದರೆ ಕಣಗಳು ಮಿತಿಮೀರಿದರೆ ಇದ್ದ ನೀರೆಲ್ಲ ಅಸಂಖ್ಯಾತ ಪಾಲಾಗಿ ಯಾವ ಹನಿಯೂ ಬೀಳುವಷ್ಟು ದೊಡ್ಡದಾಗುವುದಿಲ್ಲ. ಒಂದು ಕೊಳಗ ಅನ್ನವನ್ನು ಸಾವಿರ ಮಂದಿಗೆ ಬಡಿಸಿದಂತಾಗುವುದು. ಅಮೆಜಾನ್ ಪ್ರದೇಶದಲ್ಲಿ ವಿಮಾನದಿಂದ ಅಳೆದುದನ್ನು 2004ರಲ್ಲಿ ಪ್ರಕಟಿಸಿದ ಆಂದ್ರೇ ಮೊದಲಾದವರು, ನಿರ್ಮಲವಾದ ಮೋಡವು ತನ್ನ ಬುಡದಿಂದ 1.5 ಕಿಲೋಮೀಟರು ಮೇಲೇರಿದೊಡನೆ ಮಳೆಗೆ ಸಿದ್ಧವಾಗುವುದಾದರೆ, ಹೊಗೆ ತುಂಬಿದ ಮೋಡವು 5 ಕಿಲೋಮೀಟರಿಗೂ ಹೆಚ್ಚು ಏರಬೇಕಾಗುವುದೆಂದು ತಿಳಿಸಿರುವರು. ಅಷ್ಟು ಏರಿದ ಮೋಡವು ಕೊನೆಗೆ ಸುರಿದರೂ ಸೌಮ್ಯವಾದ ಮಳೆಯಾಗಿ ಸುರಿಯದೆ ಗುಡುಗು ಆಲಿಕಲ್ಲುಗಳೊಡನೆ ಸುರಿಯುವುದು.

ಕೂಳೆ ಸುಡುವ ವಿಷಯವನ್ನು ಹೇಳುವಾಗ ಒಕ್ಕಲಿಗನನ್ನು ದೂಷಿಸಿ ಮುಗಿಸುವ ಪದ್ಧತಿಯು ಪಟ್ಟಣದವರಲ್ಲಿ ಬೆಳೆದಿದೆ. ಅದು ನ್ಯಾಯವಲ್ಲ. ಪಂಜಾಬದ ಸಂಗತಿಯನ್ನೇ ನೋಡಬೇಕು. ಅಲ್ಲಿ ಅಂತರ್ಜಲವು ಬತ್ತುತ್ತಿರುವುದನ್ನು ಕಂಡು ಸರ್ಕಾರವು 2009ರಲ್ಲಿ ಒಂದು ಕಾಯಿದೆಯನ್ನು ಮಾಡಿ, ಜೂನ್ 10ಕ್ಕೆ ಮುಂಚೆ ಭತ್ತದ ನಾಟಿ ಮಾಡಕೂಡದೆಂದು ವಿಧಿಸಿತು. ಸುಡುಬೇಸಗೆಯಲ್ಲಿ ನೀರು ಹಾಯಿಸುವುದನ್ನು ತಪ್ಪಿಸುವ ಸದುದ್ದೇಶವೇ ಅದು. ನಾಟಿಯು ತಡವಾದುದರಿಂದ ಕೊಯ್ಲೂ ತಡವಾಯಿತು; ಗೋಧಿಯ ಬಿತ್ತನೆಗೆ ಉಳಿದ ದಿನಗಳು ಎರಡು ಮೂರು ವಾರ ಮಾತ್ರವಾದುವು. ಕೊಯ್ಯುವ ಯಂತ್ರವು ತೆನೆಯನ್ನು ಕತ್ತರಿಸಿ ಕೂಳೆಯನ್ನು ನಿಲ್ಲಿಸಿಯೇ ಹೋಗುವುದು. ಆ ರಾಜ್ಯದ ಭತ್ತದ ಹುಲ್ಲು ವರ್ಷಕ್ಕೆ ಸುಮಾರು 2 ಕೋಟಿ ಟನ್ನು. ಅದನ್ನು ಕಿತ್ತು ಸಾಗಿಸಲು ಆಳಿಲ್ಲ, ಹೊತ್ತಿಲ್ಲ. ಒಂದು ಬೆಂಕಿಕಡ್ಡಿಯ ಬೆಲೆಯೆಷ್ಟು! ಅದೂ ಅಲ್ಲದೆ ಅಕ್ಟೋಬರ್ ಕೊನೆಯ ವೇಳೆಗೆ ಗಾಳಿಯು ಮಂದವಾಗಿ, ತಂಪಾದ ನೆಲದ ಮೇಲೆ ಬೆಚ್ಚನೆಯ ಗಾಳಿಯು ಮುಚ್ಚಳದಂತೆ ಕೂತಿರುವುದರಿಂದ, ಹಿಂದೆ ಚದರಿಹೋಗುತ್ತಿದ್ದ ಹೊಗೆಯು ಬಯಲಿನ ಮೇಲೆಯೇ ನಿಂತುಬಿಡುವುದು. ನೀರುಳಿಸಲು ಮಾಡಿದ ಕಟ್ಟಳೆಯು ಹೊಗೆಯನ್ನು ಹೀಗೆ ಕಟ್ಟಿಹಾಕಿತು. ಕೂಳೆಯ ನಡುವೆಯೇ ಗೋಧಿ ಬಿತ್ತುವ ಕೂರಿಗೆಯಂತ್ರವು ಈಚೆಗೆ ಬಂದಿದೆ. ಅದನ್ನು ಕೊಳ್ಳುವ ಶಕ್ತಿಯು ಸಣ್ಣ ಒಕ್ಕಲಿಗೆ ಇಲ್ಲವಾದುದರಿಂದ ಬಾಡಿಗೆಗೆ ಸಿಗುವಂತೆ ಮಾಡುವುದೇ ಅಲ್ಲಿನ ಯತ್ನವಾಗಿದೆ.

ಬೆಳಗಾವಿ ಬಾಗಲಕೋಟೆಗಳ ಕಡೆಯಿಂದ ಬಂದ ಭಕ್ತರು ಇದನ್ನು ಕೇಳಿ ತಮ್ಮ ಕಬ್ಬಿನ ರವದಿಯನ್ನು ನೆನೆದಿರಬಹುದು. ಕಬ್ಬು ಕಡಿದ ಸಂಜೆಗೆ ಹೊಲದಲ್ಲಿ ಏಳುವ ಆ ಉರಿಯು ನೋಡಲು ಭವ್ಯವಾಗಿರುವುದು, ಮರುದಿನ ಹೊಲವು ಚೊಕ್ಕಟವಾಗಿ ಕಾಣುವುದು. ಆದರೆ ರವದಿಯಲ್ಲಿದ್ದ ಸಾರಜನಕದ ಬಹುಪಾಲು ಹೊಗೆಯೊಡನೆ ಹೋಗುವುದು. ಆ ಸಾರವನ್ನೇ ಒಕ್ಕಲಿಗನು ಕೆಲವು ವಾರಗಳಲ್ಲಿ ಗೊಬ್ಬರದ ಚೀಲದಲ್ಲಿ ದುಡ್ಡು ಕೊಟ್ಟು ತರುವನು. ಸಾಲಿನ ನಡುವೆ ರವದಿಯನ್ನು ಹಾಸಿ ಕೊಳೆಯಿಸಿದವರ ಕೂಳೆಕಬ್ಬು ನೀರನ್ನೂ ಕಡಮೆ ಬೇಡುವುದು. ಕಾಡಿನ ಬೆಂಕಿಯೂ ಈ ನಾಡಿಗೆ ಹೊಸತಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸುಮಾರು 10,000 ಎಕರೆ ಕಾಡು ಸುಟ್ಟು, ವಾಯುಪಡೆಯ ಹೆಲಿಕಾಪ್ಟರುಗಳು ಮೇಲಿನಿಂದ ನೀರು ಸುರಿಯಬೇಕಾಯಿತು.

ಆ ವರ್ಷದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದುದು ಮಾತ್ರ ಹಿಂದಿನ ಎಣಿಕೆಗಳನ್ನೆಲ್ಲ ಮೀರಿತು. ಆ ಖಂಡದ ಆಗ್ನೇಯಭಾಗದ ನೀಲಗಿರಿಮರದ ಕಾಡುಗಳು 2019ರ ನವೆಂಬರಿನಿಂದ 2020ರ ಜನವರಿಯ ವರೆಗೆ ಉರಿದು ಸುಮಾರು 71.5 ಕೋಟಿ ಟನ್ನು ಅಂಗಾರಾಮ್ಲವಾಯುವನ್ನು ಹೊರಬಿಟ್ಟುವು. ಆ ದೇಶದ ಗಿರಣಿ ಮೋಟಾರು ವಿದ್ಯುತ್ಕೇಂದ್ರಗಳೆಲ್ಲ ಒಂದು ವರ್ಷದಲ್ಲಿ ಬಿಡುವುದು ಅದಕ್ಕಿಂತ ಕಡಮೆ. ಡಿಸೆಂಬರ್ ಕೊನೆಯ ದಿನಗಳಲ್ಲಿ ಬೆಂಕಿಯ ಕಾವಿನಿಂದಲೇ ಗುಡುಗುಮೋಡಗಳು ಹುಟ್ಟಿ, ಹೊಗೆಯನ್ನು ಮಳೆಮೋಡಗಳ ಎಲ್ಲೆಯನ್ನೂ ದಾಟಿಸಿ ಮೇಲಣ ಸ್ತರಮಂಡಲಕ್ಕೆ ಎಸೆದುವು. ಅಲ್ಲಿ ಸಾವಿರ ಕಿಲೋಮೀಟರು ಅಗಲದ ಹೊಗೆಯ ಸುಳಿಯೊಂದು ರೂಪುಗೊಂಡಿತು. ಅದರೊಳಗಿನ ಕಾಡಿಗೆಯು ಬಿಸಿಲನ್ನು ಹೀರಿ ಕಾದಂತೆ ಸುಳಿಯು ಬುಗ್ಗೆಯಂತೆ ತಾನೇ ಮೇಲೇರುತ್ತ, ಸುಮಾರು 35 ಕಿಲೋಮೀಟರು ಎತ್ತರವನ್ನು ಮುಟ್ಟಿ, ಮೂರು ತಿಂಗಳ ಕಾಲ ಚದರದೆ ಭೂಮಿಯನ್ನು ಸುತ್ತಿತು. ಬೇರೆ ಯಾವ ಇಂಧನವೂ ಅದಕ್ಕಿರಲಿಲ್ಲ, ಸೂರ್ಯನೊಬ್ಬನೇ. ಕೆಳಗಿನ ಹೊಗೆಯನ್ನು ಮಳೆಯು ಕೆಲವು ದಿನಗಳಲ್ಲಿ ತೊಳೆಯುವುದು. ಆ ಎತ್ತರದಲ್ಲಿ ಮಳೆಯಿಲ್ಲ. ಹೊಗೆಯ ಕಣಗಳ ಮೈಮೇಲೆ ನಡೆದ ರಾಸಾಯನಿಕ ಕ್ರಿಯೆಗಳಿಂದ, ಬಿಸಿಲಿನ ತೀಕ್ಷ್ಣಕಿರಣಗಳನ್ನು ತಡೆಯುವ ಮೇಲಣ ಓಝೋನು 2020ರಲ್ಲಿ ದಕ್ಷಿಣಗೋಲಾರ್ಧದ ಮಧ್ಯಭಾಗದಲ್ಲಿ ನೂರಕ್ಕೆ 3ರಿಂದ 5ರಷ್ಟು ತೆಳುವಾಯಿತೆಂದು ಸೂಸನ್ ಸಾಲಮನ್ ಎಂಬ ವಿದುಷಿಯೂ ಸಹೋದ್ಯೋಗಿಗಳೂ 2023ರಲ್ಲಿ ನಿರೂಪಿಸಿದರು. ನೆಲದ ಮೇಲೆ ವಿಷವಾದ ಓಝೋನನ್ನು ಹುಟ್ಟಿಸುವ ಹೊಗೆಯು, ಮೇಲೆ ರಕ್ಷಕವಾದ ಓಝೋನನ್ನು ಕೆಡಿಸುವುದು!

ಇನ್ನು ಹಸಿಸೌದೆಯ ಉಪಾಧಿಗೆ ಪರಮೋದಾಹರಣೆಯಾದ ಬೋರ್ನಿಯೊ ದ್ವೀಪಕ್ಕೆ ಬರಬೇಕು. ಅದರ ಇಂಡೋನೇಷ್ಯಾದ ಪಾಲಿಗೆ ಕಾಲಿಮಾಂತಾನ್ ಎಂದು ಹೆಸರು. ಅಲ್ಲಿನ ನದಿಗಳ ನಡುವಣ ತಗ್ಗುನೆಲದಲ್ಲಿ ಮರಗಳು ನೀರಿನಲ್ಲಿ ನಿಂತೇ ಬೆಳೆಯುವುವು. ಬಿದ್ದ ಎಲೆ, ಕೊಂಬೆ, ಬೇರುಗಳು ನೀರಿನಡಿಯಲ್ಲಿ ಪ್ರಾಣವಾಯು ಸಿಗದೆ ಪೂರ್ತಿ ಕೊಳೆಯುವುದಿಲ್ಲ. ಕರಿಯ ಚಹದ ಬಣ್ಣದ ನೀರಿನಲ್ಲಿ ನೆನೆದ ಹತ್ತಿಯಂತೆ ಪದರುಪದರಾಗಿ ಕೂಡುತ್ತ ಹೋಗುವುವು. ಇದಕ್ಕೆ ಪೀಟ್ ಎನ್ನುವರು. ವರ್ಷಕ್ಕೆ ಒಂದೆರಡು ಮಿಲಿಮೀಟರಿನಷ್ಟು ಏರುವ ಈ ಮಣ್ಣು ಸಾವಿರಾರು ವರ್ಷಗಳಲ್ಲಿ ಕೆಲವೆಡೆ ಹತ್ತು ಮೀಟರಿಗೂ ಹೆಚ್ಚು ದಪ್ಪವಾಗಿದೆ. ಕಲ್ಲಿದ್ದಲಾಗುವ ದಾರಿಯಲ್ಲಿ ಮೊದಲ ಹೆಜ್ಜೆಯಿಟ್ಟ ಪದಾರ್ಥವದು. ನೀರು ನಿಂತಿರುವ ವರೆಗೆ ಅದಕ್ಕೆ ಬೆಂಕಿಯ ಭಯವಿಲ್ಲ. ಕಾಡಿನ ಅಂಚಿನ ದಯಾಕ್ ಜನರು ತಲೆಮಾರುಗಳಿಂದ ಅಲ್ಲಿ ಮೀನು ಹಿಡಿದು, ರಬ್ಬರು ಬೆತ್ತಗಳನ್ನು ಬೆಳೆದು ಬಾಳಿದ್ದರು.

ಇಂಡೋನೇಷ್ಯಾ ದೇಶವು 1984ರಲ್ಲಿ ಅಕ್ಕಿಯ ವಿಷಯದಲ್ಲಿ ಸ್ವಾವಲಂಬಿಯಾಗಿ, ಮುಂದಿನ ದಶಕದಲ್ಲಿ ಆ ಸ್ಥಿತಿಯನ್ನು ಕಳೆದುಕೊಂಡಿತು. ಜನರಿಗೆ ಅನ್ನವನ್ನು ಒದಗಿಸಬೇಕೆಂಬುದು ಯಾವ ಸರ್ಕಾರಕ್ಕಾದರೂ ಭೂಷಣವಾದ ಆಸೆಯೇ. ಅಧ್ಯಕ್ಷ ಸುಹಾರ್ತೋ 1995ರ ಡಿಸೆಂಬರಿನಲ್ಲಿ ಒಂದು ಆಜ್ಞೆಯನ್ನು ಹೊರಡಿಸಿ, ಮಧ್ಯ ಕಾಲಿಮಾಂತಾನಿನ ಸುಮಾರು 10 ಲಕ್ಷ ಹೆಕ್ಟೇರು ಜವುಗನ್ನು ಗದ್ದೆಯಾಗಿ ಮಾರ್ಪಡಿಸತಕ್ಕದ್ದೆಂದು ಅಪ್ಪಣೆಮಾಡಿದನು. ನೀರನ್ನು ಹರಿಸಿಬಿಡಲು 4,000 ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುವೆಗಳನ್ನು ತೋಡಿದರು, ಮರಗಳನ್ನು ಕಡಿದರು, ಜಾವಾ ಮೊದಲಾದ ದ್ವೀಪಗಳಿಂದ ಸಾವಿರಾರು ಒಕ್ಕಲುಗಳನ್ನು ಕರೆತಂದು ಕೂರಿಸಿದರು. ಆ ಮಣ್ಣು ಹುಳಿಮಣ್ಣು, ಸಾರವಿಲ್ಲದ್ದು, ಭತ್ತವು ಬರಲಿಲ್ಲ. 1999ರಲ್ಲಿ ಮುಂದಿನ ಅಧ್ಯಕ್ಷನು ಆ ಯೋಜನೆಯನ್ನು ಮುಗಿಸಿದನು. ಕಾಲುವೆಗಳು ಮಾತ್ರ ಮುಗಿಯಲಿಲ್ಲ. ಹಗಲೂ ರಾತ್ರಿ ಅವು ನೀರನ್ನು ಹೊರಗೆ ಹರಿಸುತ್ತಲೇ ಇದ್ದುವು.

ಆಜ್ಞೆ ಹೊರಟು ಎರಡು ವರ್ಷ ತುಂಬುವ ಮೊದಲೇ, 1997ರಲ್ಲಿ, ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನೀನ್ಯೊ ಎಂಬ ವಿಪರ್ಯಾಸವು ಒದಗಿ ಮಳೆಯು ಹಿಂದೆಸರಿಯಿತು. ನೆಲವನ್ನು ಹಸನುಮಾಡಲು ತೋಟಗಳವರೂ ಒಕ್ಕಲುಗಳೂ ಹಚ್ಚಿದ ಬೆಂಕಿಯು ಒಣಗಿದ ಪೀಟಿನೊಳಕ್ಕೆ ಇಳಿಯಿತು. ಪೀಟಿನ ಬೆಂಕಿಗೆ ಜ್ವಾಲೆಯಿಲ್ಲ. ಅದು ನೆಲದಡಿಯಲ್ಲಿ ಬೆರಣಿಯ ಕೆಂಡದಂತೆ ತೆವಳುವುದು. ಮೇಲೆ ನೀರು ಹೊಯ್ದರೆ ಪಕ್ಕದಲ್ಲಿ ಹೊಗೆ ಏಳುವುದು. ಬೇರು ಸುಟ್ಟ ಮರವು ಗಾಳಿಯಿಲ್ಲದೆಯೇ ಉರುಳುವುದು. ಮಳೆಗಾಲವು ನೆಲವನ್ನು ತೋಯಿಸುವ ವರೆಗೆ ಅದು ಆರುವುದಿಲ್ಲ. ಆ ಒಂದು ವರ್ಷದಲ್ಲಿ ಇಂಡೋನೇಷ್ಯಾದ ಪೀಟು ಮತ್ತು ಕಾಡುಗಳಿಂದ ಹೋದ ಇಂಗಾಲವು 81 ಕೋಟಿ ಟನ್ನಿನಿಂದ 257 ಕೋಟಿ ಟನ್ನಿನ ಒಳಗಿರಬೇಕೆಂದು 2002ರಲ್ಲಿ ಸೂಸನ್ ಪೇಜ್ ಮತ್ತು ಸಂಗಡಿಗರು ಗಣಿಸಿದರು. ಅಂದರೆ ಲೋಕವೆಲ್ಲ ವರ್ಷಕ್ಕೆ ಸುಡುವ ಕಲ್ಲಿದ್ದಲು ಎಣ್ಣೆಗಳ ಇಂಗಾಲದಲ್ಲಿ ನೂರಕ್ಕೆ 13ರಿಂದ 40 ಪಾಲು. ಅದೇ ಸೆಪ್ಟೆಂಬರ್ 26ರಂದು ಸುಮಾತ್ರಾದ ಮೇದಾನ್ ನಗರಕ್ಕೆ ಇಳಿಯುತ್ತಿದ್ದ ವಿಮಾನವೊಂದು ಹೊಗೆಯ ಮಬ್ಬಿನ ನಡುವೆ ಬೆಟ್ಟಸಾಲಿಗೆ ಬಡಿದು, ಅದರೊಳಗಿದ್ದ 234 ಮಂದಿಯೂ ಮಡಿದರು.

2015ರಲ್ಲಿ ಮತ್ತೆ ಎಲ್ ನೀನ್ಯೊ ಬಂದಿತು. ಉತ್ತರ ಕರ್ನಾಟಕದ ಹೊಲಗಳು ಬಿತ್ತಿದ ಬೀಜವನ್ನೂ ಕಳೆದುಕೊಂಡ ವರ್ಷವದು. ಅದೇ ಬರವು ಅಲ್ಲಿ ಬೆಂಕಿಯಾಯಿತು. 26 ಲಕ್ಷ ಹೆಕ್ಟೇರು ಸುಟ್ಟಿತು. ಜಾಗತಿಕ ಬ್ಯಾಂಕಿನವರು ನಷ್ಟವನ್ನು 1,600 ಕೋಟಿ ಡಾಲರುಗಳೆಂದು ಅಂದಾಜುಮಾಡಿದರು. ಆ ಶರತ್ಕಾಲದ ಅನೇಕ ದಿನಗಳಲ್ಲಿ ಆ ಬೆಂಕಿಯೊಂದೇ ದಿನಕ್ಕೆ ಬಿಟ್ಟ ವಾಯುವು ಅಮೆರಿಕ ದೇಶದ ಸಮಸ್ತ ಉದ್ಯಮಗಳು ದಿನಕ್ಕೆ ಬಿಡುವುದನ್ನು ಮೀರಿದ್ದಿತು. ಗಾಳಿಯ ಮಾಲಿನ್ಯಸೂಚಿಯು 300ನ್ನು ದಾಟಿದರೆ ಅಪಾಯವೆಂದು ಎಣಿಕೆ. ಪಾಲಂಕರಾಯ ನಗರದಲ್ಲಿ ಅದು 1,000ವನ್ನೂ ಮೀರಿತು. ಎಳೆಮಕ್ಕಳನ್ನು ಊರಿನಿಂದ ಸಾಗಿಸಬೇಕಾಯಿತು.

ಆ ಹೊಗೆಯನ್ನು ಸಿಂಗಪುರದಲ್ಲಿ ಹಿಡಿದು, ಸಿಂಹಗಡದಲ್ಲಿ ಮಾಡಿದಂತೆಯೇ ಅದರ ವಯಸ್ಸನ್ನು ಕೇಳಿದವರುಂಟು. 2018ರಲ್ಲಿ ಪ್ರಕಟವಾದ ಅವರ ಉತ್ತರವು ಇದು: ಹೊಗೆಯ ಬಹುಪಾಲು ಪೀಟಿನದು, ಸುಟ್ಟ ಇಂಗಾಲದ ಸರಾಸರಿ ವಯಸ್ಸು ಸುಮಾರು 800 ವರ್ಷ. ಸರಾಸರಿಯಾದುದರಿಂದ ಅದರಲ್ಲಿ ಹೆಚ್ಚುಕಡಮೆಗೆ ಬಹಳ ಎಡೆಯುಂಟು. ಆದರೂ ಕಲ್ಯಾಣದಲ್ಲಿ ಶರಣರು ಬಾಳಿದ ಕಾಲಕ್ಕೆ ಬಹು ದೂರವಲ್ಲದ ಕಾಲದಲ್ಲಿ ಯಾವುದೋ ಎಲೆಯು ಗಾಳಿಯಿಂದ ಪಡೆದು ನೀರಿನಡಿಯಲ್ಲಿ ಜೋಪಾನವಾಗಿದ್ದ ಇಂಗಾಲವನ್ನು ಎರಡು ತಿಂಗಳಲ್ಲಿ ಗಾಳಿಗೆ ಹಿಂದಿರುಗಿಸಿದಂತಾಯಿತೆಂದು ಎಣಿಸಬಹುದು. ಹುಲ್ಲಿನ ಸಾಲವು ಮುಂದಿನ ಮಳೆಗೆ ತೀರುವುದು, ಮರದ ಸಾಲವು ಮೊಮ್ಮಕ್ಕಳ ಕಾಲಕ್ಕೆ ತೀರುವುದು. ಈ ಸಾಲವನ್ನು ತೀರಿಸುವ ತಲೆಮಾರನ್ನು ಹೆಸರಿಡಿದು ಹೇಳುವಂತಿಲ್ಲ. ಆದುದರಿಂದಲೇ ಪೀಟಿನ ಬೆಂಕಿಯನ್ನು ಕಾಡ್ಗಿಚ್ಚಿನೊಡನೆ ಎಣಿಸದೆ ಕಲ್ಲಿದ್ದಲಿನ ಬೆಂಕಿಯೊಡನೆ ಎಣಿಸುವುದೇ ಸರಿಯಾದ ಲೆಕ್ಕವು.

ಆ ವರ್ಷದ ಅನುಭವದಿಂದ ಇಂಡೋನೇಷ್ಯಾ ಸರ್ಕಾರವು 2016ರ ಜನವರಿಯಲ್ಲಿ ಪೀಟುನೆಲದ ಪುನರುದ್ಧಾರಕ್ಕಾಗಿ ಪ್ರತ್ಯೇಕವಾದ ಇಲಾಖೆಯನ್ನು ಸ್ಥಾಪಿಸಿ, ಸುಮಾರು 20 ಲಕ್ಷ ಹೆಕ್ಟೇರನ್ನು ಅದಕ್ಕೆ ವಹಿಸಿತು. 2019ರಲ್ಲಿ ಬೆಂಕಿಯು ಮತ್ತೆ 16 ಲಕ್ಷ ಹೆಕ್ಟೇರಿಗೂ ಮೀರಿ ಹಬ್ಬಿದುದರಿಂದ ಕೆಲಸವು ಸುಲಭವಲ್ಲವೆಂಬುದು ಸ್ಪಷ್ಟವಾಯಿತು. ಮಾಡಬೇಕಾದುದು ಮಾತ್ರ ಬಹು ಸರಳವಾದುದು: ಕಾಲುವೆಗೆ ಅಡ್ಡಲಾಗಿ ಮರದ ದಿಮ್ಮಿಗಳನ್ನು ಎರಡು ಸಾಲು ನೆಟ್ಟು, ನಡುವೆ ಮಣ್ಣಿನ ಚೀಲಗಳನ್ನು ಒಟ್ಟಿ, ಒಡ್ಡು ಕಟ್ಟಿ, ಹರಿದುಹೋಗುವ ನೀರನ್ನು ನಿಲ್ಲಿಸುವುದು. ಕಾಲುವೆಯಲ್ಲಿ ದೋಣಿ ನಡೆಸಿ ಜೀವಿಸುವ ಹಳ್ಳಿಯವರು ಕೆಲವೆಡೆ ಒಡ್ಡನ್ನು ಒಡೆದದ್ದೂ ಉಂಟು, ಅವರೊಡನೆ ಕುಳಿತು ಮಾತಾಡಿ ದೋಣಿಗೆ ದಾರಿಬಿಟ್ಟು ಕಟ್ಟಿದ ಒಡ್ಡುಗಳು ನಿಂತದ್ದೂ ಉಂಟು. ಒಡ್ಡಿನ ಫಲವನ್ನು ನೋಡಲು ದೊಡ್ಡ ಯಂತ್ರವೂ ಬೇಡ. ಪೀಟಿನಲ್ಲಿ ರಂಧ್ರವಿರುವ ಕೊಳವೆಯೊಂದನ್ನು ಇಳಿಸಿ, ಅಳತೆಗೋಲನ್ನು ಬಿಟ್ಟು, ನೀರು ಎಷ್ಟು ಆಳದಲ್ಲಿ ಸಿಕ್ಕುವುದೆಂದು ಬರೆದಿಡುವರು. ಅಲ್ಲಿನ ಕಾಯಿದೆಯ ಪ್ರಕಾರ ನೆಲದ ಮೈಯಿಂದ 40 ಸೆಂಟಿಮೀಟರಿನೊಳಗೆ ನೀರು ಸಿಕ್ಕತಕ್ಕದ್ದು.